ಮೆಮೊರಿಗೆ ಅರ ಹಿಡಿದ ಅತ್ತೆ

ಹೊಂದದ ವಸ್ತು ಎಂಬುದು ಲೋಕದಲ್ಲೇ ಇಲ್ಲ, ಹೊಂದಿಸಲು ಬಾರದ ಕೈಗಳಿವೆ, ಅಷ್ಟೇ! ಇದು ಬೀಗದಮ್ಮನ ಸಿದ್ಧಾಂತ. ಗಂಡ ತೀರಿಕೊಂಡ ಮೇಲೆ ಅವನ ಬೀಗದಂಗಡಿಯಲ್ಲಿ ಕೂತು ಇಪ್ಪತ್ತೆರಡು ವರ್ಷ ಕೀಲಿಕೈಗಳಿಗೆ ಅರ ಉಜ್ಜಿದವಳು ಆಕೆ. ಓದಿದ್ದು ಎರಡನೇ ಕ್ಲಾಸು. ಆದರೆ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹೆಬ್ಬೆರಳಿನಲ್ಲೇ ಓದಿಬಿಡುವಳು.

ಆ ದಿನ ಹತ್ತೂವರೆಗೆ ಸೊಸೆಗೆ ಸಂದರ್ಶನ. ಶಾಲೆಯೊಂದರಲ್ಲಿ ಕಂಪ್ಯೂಟರ್ ಟೀಚರ್ ಕೆಲಸ; ಮೂರು ವರ್ಷ ಕಾದ ಮೇಲೆ ಬಂದ ಕರೆ. ಮಾತುಕತೆಯೆಲ್ಲ ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲೇ. ಅವಳ ಲ್ಯಾಪ್‌ಟಾಪೋ, ಬಟನ್ ಒತ್ತಿದರೆ ಆಕಳಿಸಿ, ಮೈಮುರಿದು, ಇನ್ನೊಂದು ಮಗ್ಗುಲಾಗಿ, ಆಮೇಲೆ ಏಳುವ ಜಾತಿ. ಮೆಮೊರಿ ಸಾಲದು ಎಂದು ಸೊಸೆ ಗೊಣಗಿದಳು. ಬೀಗದಮ್ಮನಿಗೆ ಅಟ್ಟದ ಮೇಲಿದ್ದ, ಪರದೆ ಒಡೆದ ಮಗನ ಲ್ಯಾಪ್‌ಟಾಪ್ ನೆನಪಾಯಿತು. ಅದರ ಮೆಮೊರಿ ತೆಗೆದು ಇದಕ್ಕೆ ಹಾಕಿಕೊಡಲೇ ಎಂದಳು.

"ಅದು ಇದಕ್ಕೆ ಕೂರಲ್ಲ ಅತ್ತೆ, ಸುಮ್ನಿರಿ," ಎಂದು ಸೊಸೆ ಸ್ನಾನಕ್ಕೆ ಹೋದಳು.

ಕೂರಲ್ಲವಂತೆ! ಎರಡೂ ಬೇರೆ ಬೇರೆ ಕಂಪನಿಯವು, ಅದಕ್ಕೇ ಹಾಗೆ ಹೇಳಿದ್ದಾಳೆ ಎಂದುಕೊಂಡಳು ಬೀಗದಮ್ಮ. ಈ ಕಂಪನಿಯ ಬೀಗಕ್ಕೆ ಆ ಕಂಪನಿಯ ಕೀಲಿ ಎಷ್ಟು ಸಲ ಕೂರಿಸಿಲ್ಲ ತಾನು? ಅಟ್ಟದಿಂದ ಅದನ್ನು ಇಳಿಸಿ, ಎರಡರ ಸ್ಕ್ರೂಗಳನ್ನೂ ಬಿಚ್ಚಿದಳು. ಸೊಸೆಯದರಿಂದ ಹಳೆಯ ಮೆಮೊರಿ ಪಟ್ಟಿ ತೆಗೆದು, ಆ ಜಾಗಕ್ಕೆ ಮಗನದನ್ನು ಹಿಡಿದಳು. ಪಟ್ಟಿಯ ಅಂಚಿನ ಕಚ್ಚು ಆ ಜಾಗದ ಉಬ್ಬಿಗಿಂತ ಎಳ್ಳುಕಾಳಿನಷ್ಟು ಆಚೆಗಿತ್ತು. ಕೀಲಿ ಕೂರದಿದ್ದರೆ ಬೀಗವನ್ನು ಬೈದು ಫಲವಿಲ್ಲ, ಕೀಲಿಯನ್ನು ಉಜ್ಜಬೇಕು. ಸಣ್ಣ ಅರ ತಂದು ಇನ್ನೊಂದು ಕಚ್ಚು ಕೊರೆದಳು. ಆಹಾ, ಏನು ನೇರ, ಏನು ನುಣುಪು! ಒತ್ತಿದಳು. ಚಟ್ ಎಂದಿತು.

ಅವಳ ಕಸುಬಿನಲ್ಲಿ ಚಟ್ ಎಂದರೆ ಬೀಗ ತೆರೆಯಿತು ಎಂದು. ಇಲ್ಲಿ ಮುರಿದದ್ದು ಒಳಗಿನ ಹಲ್ಲುಗಳು. ಲ್ಯಾಪ್‌ಟಾಪ್ ಆಕಳಿಸಲೂ ಇಲ್ಲ. ಹಳೆಯ ಪಟ್ಟಿಯನ್ನೇ ಮತ್ತೆ ಹಾಕಿ ಒತ್ತಿದಳು, ಕೆಮ್ಮಲೂ ಇಲ್ಲ.

ಸ್ನಾನ ಮುಗಿಸಿ ಬಂದ ಸೊಸೆ ಮೇಜಿನ ಮೇಲಿದ್ದ ಹಿತ್ತಾಳೆಯಂತೆ ಹೊಳೆಯುವ ಪುಡಿ ನೋಡಿದಳು, ಅತ್ತೆಯ ಕೈಯಲ್ಲಿದ್ದ ಅರ ನೋಡಿದಳು. ಬೈದಿದ್ದರೆ ಬೀಗದಮ್ಮ ಬದುಕಿಕೊಳ್ಳುತ್ತಿದ್ದಳು. ಸೊಸೆ ತನ್ನ ಮೊಬೈಲನ್ನು ನೀರಿನ ಜಗ್ಗಿಗೆ ಒರಗಿಸಿ ಕೂತಳು. ಅತ್ತೆ ಅಡುಗೆಮನೆ ಬಾಗಿಲ ಹಿಂದೆ ನಿಂತಳು.

ಪರದೆಯಲ್ಲಿ ಮುಖ್ಯೋಪಾಧ್ಯಾಯಿನಿ ಕಾಣಿಸಿಕೊಂಡರು. ಕಂಪ್ಯೂಟರ್ ಟೀಚರಿಗೆ ಕಂಪ್ಯೂಟರೇ ಇಲ್ಲವೇ ಎಂಬುದು ಮೊದಲ ಪ್ರಶ್ನೆ. ಸೊಸೆ ಅತ್ತೆಯ ಮಾನ ಉಳಿಸಲು ಹೊರಟಳು: ಮೆಮೊರಿಯನ್ನು ಇಲಿ ಕಡಿದುಬಿಟ್ಟಿದೆ ಎಂದಳು. ಎಲ್ಲಿ, ತೋರಿಸಿ ಎಂದರು ಅವರು. ಸೊಸೆ ವಿಧಿಯಿಲ್ಲದೆ ಅರ ಹಿಡಿದ ಪಟ್ಟಿಯನ್ನು ತೋರಿಸಿದಳು. ಅವರು ಕನ್ನಡಕ ಸರಿಪಡಿಸಿಕೊಂಡರು.

"ಇಲಿ ಇಷ್ಟು ನೇರವಾಗಿ ಕಡಿಯುತ್ತೇನಮ್ಮ?"

ಸುಳ್ಳು ಹೇಳಿ ಸಿಕ್ಕಿಬಿದ್ದವಳಿಗೆ ಯಾವ ಶಾಲೆ ಮಕ್ಕಳನ್ನು ಒಪ್ಪಿಸೀತು? ಬೀಗದಮ್ಮನ ಕಾಲು ತಾನಾಗಿಯೇ ಮುಂದೆ ಬಂತು. ಮೊಬೈಲಿನೆದುರು ತಲೆ ತಗ್ಗಿಸಿ ನಿಂತಳು.

"ಆ ಇಲಿ ನಾನೇ, ತಾಯಿ."

ಆಮೇಲೆ ಒಂದು ಎಳೆಯೂ ಬಿಡದೆ ಎಲ್ಲವನ್ನೂ ಹೇಳಿದಳು. ಅತ್ತ ಮುಖ್ಯೋಪಾಧ್ಯಾಯಿನಿಯ ಪಕ್ಕದಲ್ಲಿ ಕೂತಿದ್ದ ಯಾರೋ ಕೆಮ್ಮಿದಂತೆ ಮಾಡಿ ನಕ್ಕರು. ಮುಖ್ಯೋಪಾಧ್ಯಾಯಿನಿ ಮಾತ್ರ ನಗಲಿಲ್ಲ. ಅದು ಯಾಕೆ ಕೂರಲಿಲ್ಲ ಎಂದು ನಿಮ್ಮ ಅತ್ತೆಗೆ ಅರ್ಥವಾಗುವ ಹಾಗೆ ಪಾಠ ಮಾಡಿ, ನೋಡೋಣ ಎಂದರು.

ಸೊಸೆ ಎರಡೂ ಪಟ್ಟಿಗಳನ್ನು ಅಕ್ಕಪಕ್ಕ ಹಿಡಿದಳು. "ಕಂಪನಿ ಯಾವ್ದಾದ್ರೂ ಪರವಾಗಿಲ್ಲ ಅತ್ತೆ. ನನ್ನ ಲ್ಯಾಪ್‌ಟಾಪಿಗೆ ಬೇಕಾದ್ದು ಮೂರನೇ ತಲೆಮಾರಿನ ಮೆಮೊರಿ, ನೀವು ಹಾಕಿದ್ದು ನಾಲ್ಕನೇದು. ಒಂದರ ಜಾಗಕ್ಕೆ ಇನ್ನೊಂದನ್ನ ಯಾರೂ ತೂರಿಸಬಾರದು ಅಂತಲೇ ಕಚ್ಚನ್ನ ಆಚೀಚೆ ಇಟ್ಟಿರೋದು."

ಅಂದರೆ ಅದೂ ಒಂದು ಬೀಗವೇ! ಇಪ್ಪತ್ತೆರಡು ವರ್ಷ ಬೀಗದ ನಡುವೆಯೇ ಬಾಳಿದವಳಿಗೆ ಕಣ್ಣೆದುರಿನ ಬೀಗ ಕಾಣಿಸಿರಲಿಲ್ಲ. ಬೀಗದಮ್ಮನಿಗೆ ನೆಲ ಬಾಯ್ಬಿಡಬಾರದೇ ಎನಿಸಿತು.

"ಅರ್ಥ ಆಯ್ತೇನಮ್ಮ?" ಎಂದರು ಮುಖ್ಯೋಪಾಧ್ಯಾಯಿನಿ.

ಬೀಗದಮ್ಮ ಎರಡನೇ ಕ್ಲಾಸಿನ ಹುಡುಗಿಯಂತೆ ತಲೆಯಾಡಿಸಿದಳು.

"ಪಾಠ ಚೆನ್ನಾಗಿತ್ತು. ಸೋಮವಾರದಿಂದ ನಿಮ್ಮ ಸೊಸೆ ಬರಲಿ. ನಮ್ಮ ಶಾಲೇಲಿ ನಲವತ್ತು ಲ್ಯಾಪ್‌ಟಾಪ್ ಇವೆ, ನೀವು ಮಾತ್ರ ದಯವಿಟ್ಟು ಬರಬೇಡಿ."