ಹೆಸರು ಕೇಳದ ಅಳಿಯ

“ಹೆಸರು ಕೇಳ್ಕೊಂಡು ಮನೆಮನೆ ಅಲೆಯೋಕೆ ನಾನೇನು ಜನಗಣತಿಯವನಾ? ಎದುರಿಗೆ ಯಾರು ಕೂತಿದ್ದಾರೆ ಅಂತ ಕಂಪ್ಯೂಟರಿಗೇ ಗೊತ್ತಿರುತ್ತೆ ಕಣೇ! ಅದರ ಬಾಯಿ ಬಿಡಿಸೋ ವಿದ್ಯೆ ನನ್ನ ಹತ್ರ ಇದೆ!”

ಹೀಗೆ ಹೆಂಡತಿ ಪಿಮ್‌ಚನೊಕ್‌ಳ ಎದುರು ಎದೆ ತಟ್ಟಿಕೊಂಡವನು ವೊರಚಾಟ್. ಕಾರಣ, ಮಾವನ ಎಪ್ಪತ್ತೆರಡನೆಯ ಹುಟ್ಟುಹಬ್ಬ. ಮಾವ ಎಂದರೆ ನಿವೃತ್ತ ಹೆಡ್‌ಮಾಸ್ತರು ಬುನ್‌ಲೆರ್ಟ್. ಲಂಪಾಂಗಿನ ಅರ್ಧ ಊರು ಅವರ ಬೆತ್ತದ ರುಚಿ ಕಂಡಿದೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವರು ವೊರಚಾಟನಿಗೆ ಒಂದು ಕೆಲಸ ಹೇಳಿದವರಲ್ಲ. ಏನಿದ್ದರೂ ಹಿರಿಯ ಅಳಿಯನಿಗೇ. ಆತ ಜಿಲ್ಲಾ ಕಚೇರಿಯ ದೊಡ್ಡ ಅಧಿಕಾರಿ. ಈ ಸಲ ಅದ್ಯಾವ ಗ್ರಹಗತಿಯೋ, “ಮಕ್ಕಳು ಅಳಿಯಂದಿರ ಹಾರೈಕೆ ಪರದೆ ಮೇಲೆ ಬರಲಿ. ಕೆಳಗೆ ಅವರವರ ಪೂರ್ತಿ ಹೆಸರಿರಲಿ. ಜವಾಬ್ದಾರಿ ನಿನ್ನದು,” ಎಂದುಬಿಟ್ಟಿದ್ದರು. ಸಂತೋಷಕ್ಕೆ ವೊರಚಾಟನಿಗೆ ಊಟ ಸೇರಲಿಲ್ಲ. ಇದೊಂದನ್ನು ನೆಟ್ಟಗೆ ಮಾಡಿದರೆ ಆ ಮನೆಯಲ್ಲಿ ತಾನೂ ಒಬ್ಬ ಅಳಿಯ!

“ರೀ, ಒಂದು ಚೀಟೀಲಿ ಬರ್ಕೊಂಡ್ರೆ ಮುಗೀತಪ್ಪ,” ಎಂದಳು ಪಿಮ್‌ಚನೊಕ್.

“ಚೀಟಿಯಂತೆ! ಯಾವ ಕಾಲದಲ್ಲಿದ್ದೀಯೇ? ವಿಂಡೋಸನ್ನ ಕೇಳೋ ರೀತಿ ಒಂದು, ಮ್ಯಾಕನ್ನ ಕೇಳೋ ರೀತಿ ಇನ್ನೊಂದು. ಲಿನಕ್ಸನ್ನ ‘ನಾನ್ಯಾರು’ ಅಂತ ಕೇಳಿದ್ರೆ ಥಟ್ಟನೆ ಹೇಳುತ್ತೆ. ಮೂರಕ್ಕೂ ಒಗ್ಗೋ ಪ್ರೋಗ್ರಾಮ್ ಬರೆದಿದ್ದೀನಿ! ಅವರು ಹಾರೈಕೆ ಟೈಪ್ ಮಾಡಿದ್ರೆ ಸಾಕು, ಹೆಸರು ತಾನಾಗೇ ಬಂದು ಕೂರುತ್ತೆ.”

“ಒಂದ್ಸಲ ಹಾಕಿ ನೋಡ್ಬಾರ್ದಾ?”

“ಹಬ್ಬದೂಟ ಹಬ್ಬದ ದಿನವೇ!”

ಹಬ್ಬದ ದಿನ ಬಂತು. ಮಾವನ ಮನೆಯ ಹಜಾರದಲ್ಲಿ ಭಿಕ್ಷುಗಳು ಸಾಲಾಗಿ ಕೂತು ಮಂತ್ರ ಹೇಳಿ, ಜಿಗುಟು ಅನ್ನದ ಭೋಜನ ಮುಗಿಸಿದರು. ಹಿರಿಯ ಅಳಿಯನ ಕಚೇರಿಯ ಗುಮಾಸ್ತರೆಲ್ಲ ಇಸ್ತ್ರಿ ಬಟ್ಟೆಯಲ್ಲಿ ಹಾಜರು. ವೊರಚಾಟ್ ಮೀಸೆಯಿಲ್ಲದಿದ್ದರೂ ಮೀಸೆ ತಿರುವಿ ಗುಂಡಿ ಒತ್ತಿದ. ಪರದೆ ಬೆಳಗಿತು.

“ಪೂಜ್ಯ ಮಾವನವರು ನೂರ್ಕಾಲ ಬಾಳಲಿ. ಇಂತಿ, ಹಂದಿ.”

ಅಯ್ಯೋ! ಲಂಪಾಂಗಿನಲ್ಲಿ ಯಾರಿಗೆ ತಾನೇ ಎರಡು ಹೆಸರಿಲ್ಲ? ಭಿಕ್ಷುಗಳು ಇಟ್ಟ ಉದ್ದದ ಹೆಸರು ಸರ್ಕಾರಿ ಕಾಗದಕ್ಕೆ. ಹಂದಿ, ಕಪ್ಪೆ, ಸೀಗಡಿ ಎಂಬ ಮುದ್ದಿನ ಹೆಸರು ಮನೆಗೆ. ಕಂಪ್ಯೂಟರ್ ತಂದ ದಿನ ಎಲ್ಲರೂ ಅದಕ್ಕೆ ಕೊಟ್ಟದ್ದು ಮುದ್ದಿನ ಹೆಸರನ್ನೇ! ಒಬ್ಬ ಗುಮಾಸ್ತ ಬಾಯಿಗೆ ಕರವಸ್ತ್ರ ತುರುಕಿಕೊಂಡ. ಹಂದಿ ಎನಿಸಿಕೊಂಡ ಹಿರಿಯ ಅಳಿಯ ಸಾಹೇಬರ ಮುಖ ಕೆಂಪಗಾಯಿತು.

ಮುಂದಿನದು ಡಾಕ್ಟರ್ ನಾದಿನಿಯ ಮ್ಯಾಕಿನಿಂದ. “ಆರೋಗ್ಯವೇ ಭಾಗ್ಯ, ಅಪ್ಪಾ. ಇಂತಿ, ಡುಮ್ಮಿ.” ನಾದಿನಿ ಎದ್ದು ಅಡುಗೆಮನೆಗೆ ಹೋದವಳು ಹೊರಗೆ ಬರಲೇ ಇಲ್ಲ.

ಮೂರನೆಯದು ಸ್ವತಃ ವೊರಚಾಟನದು. ಮಹಾಶಯ ತನ್ನ ಲಿನಕ್ಸಿನಲ್ಲಿ ಪ್ರೋಗ್ರಾಮನ್ನು ಸರ್ವಾಧಿಕಾರ ಪಡೆದು ಓಡಿಸಿದ್ದ. “ನಿಮ್ಮ ಆಶೀರ್ವಾದವೇ ಶ್ರೀರಕ್ಷೆ. ಇಂತಿ, ರೂಟ್.”

“ಈ ರೂಟ್ ಯಾರು? ನಮ್ಮ ವಂಶದಲ್ಲಿ ಅಂಥವನಿಲ್ಲ,” ಎಂದರು ಮಾವ.

“ನಾನೇ ಮಾವ... ಎಲ್ಲ ಅಧಿಕಾರ ಇರೋನಿಗೆ ಹಾಗಂತಾರೆ.”

“ಈ ಮನೇಲಾ?”

ಪರದೆಯನ್ನು ಆರಿಸಬೇಕೆಂದರೆ ಗುಂಡಿಯೇ ಸಿಗಲೊಲ್ಲದು! ಅಷ್ಟರಲ್ಲಿ ನಾಲ್ಕನೆಯದು, ಪಿಮ್‌ಚನೊಕ್‌ಳದು, ಬಂದೇಬಿಟ್ಟಿತು. “ಅಪ್ಪಾ, ನಿಮ್ಮ ಮುದ್ದಿನ ಮಗಳು ಸುಖವಾಗಿದ್ದೀನಿ. ಇಂತಿ, ಅದಿಸೊನ್.”



“ನನ್ನ ಮಗಳ ಕಂಪ್ಯೂಟರಿನಲ್ಲಿ ಯಾವನೋ ಗಂಡಸಿನ ಹೆಸರು?” ಮಾವ ಗುಡುಗಿದರು.

“ಯಾರ್ರೀ ಅದು ಅದಿಸೊನ್?” ಪಿಮ್‌ಚನೊಕ್ ಗಂಡನ ಕಡೆ ತಿರುಗಿದಳು. ಅಷ್ಟೂ ಜನ ಅವಳನ್ನೇ ನೋಡುತ್ತಿದ್ದರು. ಇನ್ನು ಸುಮ್ಮನಿದ್ದರೆ ವೊರಚಾಟನಿಗೆ ಪಾಪ ಸುತ್ತಿಕೊಳ್ಳುತ್ತದೆ.

“ಅದರ ಹಳೇ ಮಾಲೀಕ,” ಎಂದ ವೊರಚಾಟ್, ನೆಲ ನೋಡುತ್ತ. “ಮೇಲೆ ಕಾಣೋ ಹೆಸರು ಬದಲಾಯಿಸಿದ್ದೆ. ಒಳಗಿಂದು ಹಾಗೇ ಉಳ್ಕೊಂಡಿದೆ.”

“ಅಂದ್ರೆ ಹೊಸದು ಹೊಸದು ಅಂತ ಕೊಟ್ಟಿದ್ದು ಸೆಕೆಂಡ್ ಹ್ಯಾಂಡಾ?”

“ಜಾಸ್ತಿ ಬಳಸಿರ್ಲಿಲ್ಲ ಕಣೇ...”

“ರೇಷ್ಮೆ ರಿಬ್ಬನ್ ಬೇರೆ ಕಟ್ಟಿದ್ರಲ್ರೀ!”

ಹಿರಿಯ ಭಿಕ್ಷುಗಳು ಬೀಸಣಿಗೆಯ ಮರೆಯಲ್ಲಿ ನಗು ನುಂಗಿದರು. ಭೂಮಿ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ವೊರಚಾಟನಿಗೆ. ಭೂಮಿಗೂ ಅವನು ಬೇಡವಾಗಿದ್ದ.

ಮಾವ ಪರದೆಯ ತಂತಿ ಕಿತ್ತು, ಮೈಕನ್ನು ಅವನ ಕೈಗಿಟ್ಟರು. “ಬಾಯಲ್ಲಿ ಹೇಳು. ಮನೆಯ ಒಬ್ಬೊಬ್ಬರದೂ ಪೂರ್ತಿ ಹೆಸರು. ಭಿಕ್ಷುಗಳು ಹರಸ್ತಾರೆ.”

ಷಡ್ಡಕನ ಹೆಸರು ಅಂಗಿಯ ಮೇಲಿನ ಬಿಲ್ಲೆಯಲ್ಲಿತ್ತು, ಬದುಕಿದ. ನಾದಿನಿಯದು ಕ್ಲಿನಿಕ್ಕಿನ ಬೋರ್ಡಿನಲ್ಲಿ ನೋಡಿದ್ದ. ಹೆಂಡತಿಯದಂತೂ ಸರಿಯೇ. ಕೊನೆಗೆ ಅವನ ಕಣ್ಣು ಅತ್ತೆಯ ಮೇಲೆ ನಿಂತಿತು. ಬಿಳಿ ಉಡುಪಿನಲ್ಲಿ ಕೈ ಮುಗಿದು ಕೂತಿದ್ದರು, ಪಾಪ. ಅವರಿಗೆ ಕಂಪ್ಯೂಟರೇ ಇರಲಿಲ್ಲ. ಹಾಗಾಗಿ ಅವರ ಹಾರೈಕೆಯೂ ಇರಲಿಲ್ಲ, ಹೆಸರೂ ಇರಲಿಲ್ಲ. ಅದು ಅವನಿಗೆ ಹೊಳೆದದ್ದೇ ಈಗ! ಇಷ್ಟು ವರ್ಷ ಅವರ ಕೈಯಡುಗೆ ತಿಂದು ಕೊಬ್ಬಿದ್ದ. ‘ಅತ್ತೆ’ ಬಿಟ್ಟರೆ ಬೇರೆ ಹೆಸರು ಗೊತ್ತಿಲ್ಲ. ಹೆಂಡತಿಯ ಕಡೆ ನೋಡಿದ. ಅವಳು ಸೂರು ನೋಡುತ್ತಿದ್ದಳು.

“ಗೊತ್ತಿಲ್ವಾ?” ಎಂದರು ಮಾವ, ಮೆಲ್ಲಗೆ. ಆ ಮೆಲುದನಿಗಿಂತ ಬೆತ್ತವೇ ವಾಸಿ.

ವೊರಚಾಟ್ ಮೈಕು ಕೆಳಗಿಟ್ಟು, ಅತ್ತೆಯ ಮುಂದೆ ಮಂಡಿಯೂರಿ ಕೈ ಮುಗಿದ. ನಾಚಿಕೆಗೆ ಕಣ್ಣು ತುಂಬಿತ್ತು. “ತಪ್ಪಾಯ್ತು ಅತ್ತೆ. ನಿಮ್ಮ ಹೆಸರೇನು?”

ಅತ್ತೆ ಅವನ ತಲೆ ಸವರಿದರು.

“ಹೇಳ್ತೀನಪ್ಪಾ, ಅದಕ್ಕೇನು. ಯಾವುದಕ್ಕೆ ಬೇಕು, ವಿಂಡೋಸಿಗೋ, ಲಿನಕ್ಸಿಗೋ?”