ಅರ್ಧ ಕಿಲೋಮೀಟರ್ ದೂರದಿಂದಲೇ

ನನ್ನ ಚಿಕ್ಕಮ್ಮನ ಹಿಂದೆ ಪೊಲೀಸರು ಬಿದ್ದಿಲ್ಲ. ಪೊಲೀಸರ ಹಿಂದೆ ಬಿದ್ದಿರುವುದು ಚಿಕ್ಕಮ್ಮ. ಪೊಲೀಸರೆಂದರೆ ಮನುಷ್ಯರಲ್ಲ, ಅವರ ಗಾಡಿಗಳು. ಗಾಡಿಯ ಇಂಜಿನ್ನಾಗಲಿ ವೇಗವಾಗಲಿ ಅವಳಿಗೆ ಬೇಡ. ಬೇಕಾದದ್ದು ಮೈಮೇಲಿನ ಬಣ್ಣ, ಚೌಕ, ಪಟ್ಟೆ, ನೆತ್ತಿಯ ದೀಪ. ಬೇರೆಯವರ ಚಿಕ್ಕಮ್ಮಂದಿರು ಮದುವೆ ಮನೆಯಲ್ಲಿ ಸೀರೆಯ ಅಂಚನ್ನು ನೋಡುವ ಕಣ್ಣಿನಿಂದ ನನ್ನ ಚಿಕ್ಕಮ್ಮ ಪೊಲೀಸ್ ವ್ಯಾನನ್ನು ನೋಡುತ್ತಾಳೆ. ಇಂಥ ಕಣ್ಣು ಎಷ್ಟು ಮನೆತನಗಳಲ್ಲಿದೆ, ಹೇಳಿ?

ಇದು ಅಂಟಿಕೊಂಡದ್ದು ಇಂಗ್ಲೆಂಡಿನಲ್ಲಿ. ಮದುವೆಯಾದ ಹೊಸತರಲ್ಲಿ ಚಿಕ್ಕಪ್ಪನ ಕೆಲಸ ಅಲ್ಲಿತ್ತು. ಅವರ ಬಾಡಿಗೆ ಮನೆಯ ಅಡುಗೆಮನೆ ಕಿಟಕಿಯ ಎದುರಿಗೇ ಪೊಲೀಸ್ ಗಾಡಿಗಳಿಗೆ ಬಣ್ಣದ ಹಾಳೆ ಅಂಟಿಸುವ ಗ್ಯಾರೇಜು. ಬೆಳಿಗ್ಗೆ ಬೋಳಾಗಿ ಒಳಗೆ ಹೋದ ಕಾರು ಸಂಜೆ ಹೊರಬರುವಾಗ ಪಕ್ಕೆಯ ತುಂಬ ನೀಲಿ-ಹಳದಿ ಚೌಕ, ಬೆನ್ನಿಗೆ ಕೆಂಪು-ಹಳದಿ ಓರೆ ಪಟ್ಟೆ. "ಆ ಊರಲ್ಲಿ ಆಕಾಶ ಬೂದಿ, ರಸ್ತೆ ಬೂದಿ, ಜನದ ಕೋಟೂ ಬೂದಿ. ಅರಿಶಿನದ ಬಣ್ಣ ಅಂತ ಕಣ್ಣಿಗೆ ಬೀಳ್ತಿದ್ದಿದ್ದು ಅದೊಂದೇ ಕಣೇ" ಎನ್ನುತ್ತಾಳೆ. ಪೊಲೀಸಿಗೆ ನೀಲಿ-ಹಳದಿ, ಆಂಬುಲೆನ್ಸಿಗೆ ಹಸಿರು-ಹಳದಿ, ಬೆಂಕಿಯವರಿಗೆ ಕೆಂಪು-ಹಳದಿ. ಅರ್ಧ ಕಿಲೋಮೀಟರ್ ದೂರದಿಂದಲೇ ಇದು ಪೊಲೀಸ್ ಗಾಡಿ ಎಂದು ಗೊತ್ತಾಗಬೇಕು, ಆ ಲೆಕ್ಕದಲ್ಲೇ ಚೌಕ ಅಷ್ಟು ದೊಡ್ಡದು. ಇದೆಲ್ಲವನ್ನೂ ಅವಳು ಮಗ್ಗಿಯಂತೆ ಒಪ್ಪಿಸುತ್ತಾಳೆ. ಯಾರೂ ಕೇಳಬೇಕಾಗಿಲ್ಲ.

ಆಮೇಲೆ ಅವರು ಆಸ್ಟ್ರೇಲಿಯಾದ ಪರ್ತ್ ನಗರಕ್ಕೆ ಬಂದು ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡರು. ಇಲ್ಲಿನ ಪೊಲೀಸ್ ಗಾಡಿಗಳಿಗೆ ನೀಲಿ-ಬಿಳಿಯ ಪುಟ್ಟ ಚೌಕಗಳ ಪಟ್ಟಿ. "ಇದು ಟೇಬಲ್ ಕ್ಲಾತು" ಎಂದು ಚಿಕ್ಕಮ್ಮ ಮೊದಲ ದಿನವೇ ತೀರ್ಪು ಕೊಟ್ಟಳಂತೆ. ಆದರೆ ಆ ಪಟ್ಟಿಯೂ ಸ್ಕಾಟ್ಲೆಂಡಿನ ಪೊಲೀಸರ ಟೋಪಿಯಿಂದ ಇಳಿದು ಬಂದದ್ದು, ಈ ದೇಶದಲ್ಲಿ ಮೊದಲು ಕಾಲಿಟ್ಟದ್ದು ಅಡಿಲೇಡಿನಲ್ಲಿ ಎಂದು ಗೊತ್ತಾದ ಮೇಲೆ ಅಡಿಲೇಡಿನ ಮೇಲೆ ಅವಳಿಗೆ ವಿಶೇಷ ಗೌರವ. ಅವಳ ಒಬ್ಬನೇ ಮಗ ಕೆಲಸದಲ್ಲಿರುವುದು ಅಲ್ಲಿಯೇ. ಹೋದ ವರ್ಷ ಅವನನ್ನು ನೋಡಿಕೊಂಡು ಬಂದಾಗ ನಾನು ಕೇಳಿದೆ, "ಹೇಗಿದ್ದಾನೆ?"

"ಪಟ್ಟಿ ಚೆನ್ನಾಗಿ ಅಂಟಿಸಿದ್ದಾರೆ ಅಲ್ಲಿ. ಎಲ್ಲೂ ಗುಳ್ಳೆ ಎದ್ದಿಲ್ಲ" ಎಂದಳು.

ನಾನು ಬ್ರಿಸ್ಬೇನಿನ ಸೇಂಟ್ ಲೂಸಿಯಾದಲ್ಲಿ ಓದು ಮುಗಿಸಿ, ಕೆಲಸ ಸಿಕ್ಕಿದ್ದರಿಂದ ಪರ್ತಿಗೆ ಬಂದು ಇವರ ಮನೆಯಲ್ಲೇ ಇದ್ದೇನೆ. ಮಾತು ಕಡಿಮೆ. ಬೂದು, ಕಪ್ಪು, ಕಡುನೀಲಿ ಬಿಟ್ಟರೆ ಬೇರೆ ಬಣ್ಣದ ಬಟ್ಟೆ ನನ್ನ ಬೀರುವಿನಲ್ಲಿಲ್ಲ. ಗುಂಪಿನಲ್ಲಿ ಯಾರ ಕಣ್ಣಿಗೂ ಬೀಳದೆ ಸಂಜೆ ಕಳೆದರೆ ಅದೇ ನನಗೆ ಒಳ್ಳೆಯ ಸಂಜೆ. ಗುರುತು ಹಾಕದೆ ಸಾದಾ ಕಾರಿನಂತೆ ಓಡಾಡುವ ಪೊಲೀಸ್ ಗಾಡಿಗಳನ್ನು ಕಂಡರೆ ಚಿಕ್ಕಮ್ಮನಿಗೆ ಆಗುವುದಿಲ್ಲ. "ಕದ್ದು ಬರೋದಕ್ಕೆ ಪೊಲೀಸ್ ಯಾಕಾಗ್ಬೇಕು? ಕಳ್ಳನೇ ಆಗ್ಬಹುದಿತ್ತಲ್ಲ!" ಅವಳು ನನಗಿಟ್ಟ ಹೆಸರು 'ಅನ್‌ಮಾರ್ಕ್ಡ್ ಗಾಡಿ'. ಊಟಕ್ಕೆ ಕರೆಯುವುದೂ ಹಾಗೆಯೇ.

ಹೋದ ಗಣಪತಿ ಹಬ್ಬಕ್ಕೆ ಅವಳು ಕೇಕ್ ಮಾಡಿದಳು. ಬ್ರಿಟಿಷರಲ್ಲಿ ಗುಲಾಬಿ-ಹಳದಿ ಚೌಕಗಳ ಒಂದು ಕೇಕ್ ಉಂಟು. ಪೊಲೀಸ್ ಗಾಡಿಯ ಆ ವಿನ್ಯಾಸಕ್ಕೆ ಹೆಸರು ಬಂದದ್ದೇ ಅದರಿಂದ. ಚಿಕ್ಕಮ್ಮ ಗುಲಾಬಿಯನ್ನು ಕೈಬಿಟ್ಟು ನೀಲಿ ಹಾಕಿದಳು. ಮೊಟ್ಟೆ ಹಾಕದೆ, ಮಡಿಯಲ್ಲಿ. ಮಂಗಳಾರತಿ ಮುಗಿಸಿ ಹೊರಟ ಹ್ಯಾರಿಸ್‌ಡೇಲಿನ ಅಷ್ಟೂ ಕನ್ನಡಿಗರ ನಾಲಿಗೆ ನೀಲಿ. ಚಿಕ್ಕಪ್ಪ ಎಲ್ಲರಿಗೂ ಕೈಮುಗಿದು, "ಗಾಬರಿಯಾಗ್ಬೇಡಿ, ಎರಡು ದಿನದಲ್ಲಿ ಹೋಗುತ್ತೆ. ಗಣಪತಿಗೂ ಹೇಳಿದ್ದೀನಿ" ಎಂದರು.

ಬ್ರಿಟನ್ನಿನ ಪೊಲೀಸ್ ಕಾರಿನ ನೆತ್ತಿಯ ಮೇಲೆ, ಹೆಲಿಕಾಪ್ಟರಿನಿಂದ ಓದುವುದಕ್ಕೆಂದು ದೊಡ್ಡ ಅಂಕಿ ಬರೆದಿರುತ್ತಾರೆ. ನಮ್ಮ ಕಾರಿಗೂ ಒಂದು ಅಂಕಿ ಇರಲಿ ಎಂದು ಚಿಕ್ಕಮ್ಮ ಹಟ ಹಿಡಿದಳು. ಚಿಕ್ಕಪ್ಪ ಪೇಪರಿನಿಂದ ತಲೆ ಎತ್ತದೆ ಕೇಳಿದರು, "ಮ್ಯಾಗ್‌ಪೈ ಹಕ್ಕಿಗಳಿಗೆ ಓದೋಕೆ ಬರುತ್ತಾ?" ಅಂಕಿಯ ವಿಷಯ ಅಲ್ಲಿಗೆ ನಿಂತಿತು. ಆದರೆ ಅವರ ಸಂಜೆ ವಾಕಿಂಗಿಗೆಂದು ಅವಳು ಹಳದಿ ಅಂಗಿಯೊಂದಕ್ಕೆ ಮಿನುಗುವ ನೀಲಿ ಚೌಕಗಳನ್ನು ಕೈಯಲ್ಲೇ ಹೊಲಿದಳು. ಚಿಕ್ಕಪ್ಪ ಅದನ್ನು ಒಂದು ದಿನವೂ ತೊಡಲಿಲ್ಲ. "ನಾನೇನು ರಸ್ತೆ ರಿಪೇರಿಗೆ ಬಂದೋನೇನೇ?" ಎಂದು ಕಂದು ಸ್ವೆಟರಿನಲ್ಲೇ ಹೊರಡುತ್ತಿದ್ದರು. ಅಂಗಿ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು.

ಇಷ್ಟೆಲ್ಲ ಗಾಡಿ ಬಲ್ಲ ಚಿಕ್ಕಮ್ಮನಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ಚಿಕ್ಕಪ್ಪ ಇದ್ದರಲ್ಲ! ಈ ವರ್ಷದ ಆರಂಭದಲ್ಲಿ ಕಣ್ಣಿನ ಡಾಕ್ಟರು ಚಿಕ್ಕಪ್ಪನಿಗೆ, ಕತ್ತಲಾದ ಮೇಲೆ ಇನ್ನು ಓಡಿಸುವಂತಿಲ್ಲ, ಸ್ವಲ್ಪ ಕಾಲ ಕಳೆದರೆ ಹಗಲಿನಲ್ಲೂ ಆಗಲಾರದು ಎಂದರು. ನಮ್ಮ ಕಡೆ ಕಾರಿಲ್ಲದಿದ್ದರೆ ಹಾಲಿಗೂ ಇಲ್ಲ, ಆಸ್ಪತ್ರೆಗೂ ಇಲ್ಲ. ಬಸ್ಸು ಬರುವುದು ಅದಕ್ಕೆ ಮನಸ್ಸು ಬಂದಾಗ. ನಾನು ಎಷ್ಟು ದಿನ ಇದೇ ಊರಿನಲ್ಲಿರುತ್ತೇನೋ ಯಾರಿಗೆ ಗೊತ್ತು? ಅಡಿಲೇಡಿನ ಮಗ ಫೋನಿನಲ್ಲಿ, "ಅಮ್ಮಾ, ಜಸ್ಟ್ ಯೂಸ್ ದಿ ಆ್ಯಪ್. ಟ್ಯಾಕ್ಸಿ ಬರುತ್ತೆ" ಎಂದ. ಚಿಕ್ಕಮ್ಮ ಫೋನಿಟ್ಟು ನನ್ನ ಕಡೆ ತಿರುಗಿದಳು.

"ಅನ್‌ಮಾರ್ಕ್ಡ್ ಗಾಡಿ, ನಂಗೆ ಡ್ರೈವಿಂಗ್ ಹೇಳ್ಕೊಡ್ತೀಯಾ?"

ಹೇಳಿಕೊಟ್ಟೆ. ವಿಲೆಟನ್ನಿನ ಹೈಸ್ಕೂಲು ಬಿಡುವ ಹೊತ್ತಿನ ಗದ್ದಲದಲ್ಲೂ ಅವಳು ಬೆವರದೆ ಓಡಿಸಿದಳು. ನಾನು ಕಂಡ ಹೊಸ ಚಾಲಕರಲ್ಲೇ ಅವಳು ಶಾಂತಳು. ಪೊಲೀಸ್ ಗಾಡಿ ಕಾಣಿಸುವವರೆಗೆ ಮಾತ್ರ.

ಮೊದಲ ಟೆಸ್ಟಿನಲ್ಲಿ ರೌಂಡ್‌ಅಬೌಟಿನ ಪಕ್ಕ ಒಂದು ಹೊಸ ಮಾದರಿಯ ಪೊಲೀಸ್ ವ್ಯಾನು ನಿಂತಿತ್ತು. ಚಿಕ್ಕಮ್ಮ ಅದನ್ನು ನೋಡುತ್ತ ಮೂರು ಸುತ್ತು ಬಂದಳು. ಪರೀಕ್ಷಕರು ಹೊರಗೆ ಹೋಗುವ ದಾರಿ ಸಿಗಲಿಲ್ಲವೇ ಎಂದು ಸೌಜನ್ಯದಿಂದ ಕೇಳಿದರಂತೆ. ನಾಪಾಸು. "ಪ್ರದಕ್ಷಿಣೆ ಮೂರೇ ತಾನೆ, ಮುಗಿಸಿ ಬಂದೆಯಲ್ಲ ಬಿಡು" ಎಂದು ಚಿಕ್ಕಪ್ಪ ಸಮಾಧಾನ ಹೇಳಿದರು.

ಎರಡನೆಯ ಟೆಸ್ಟಿನಲ್ಲಿ ಸಿಗ್ನಲ್ ಬಳಿ ಪಕ್ಕಕ್ಕೆ ಪೊಲೀಸ್ ಮೋಟಾರ್‌ಬೈಕು ಬಂದು ನಿಂತಿತು. ಚಿಕ್ಕಮ್ಮ ಕಿಟಕಿ ಇಳಿಸಿ, ನಿಮ್ಮ ಎಡಗಡೆ ಪೆಟ್ಟಿಗೆಯ ಪಟ್ಟಿ ಸುಲಿಯುತ್ತಿದೆ ಎಂದು ತಿಳಿಸಿದಳು. ಆತ ಬಗ್ಗಿ ನೋಡಿ, ಹೌದಲ್ಲ ಎಂದು ಥ್ಯಾಂಕ್ಸ್ ಹೇಳಿ ಹೊರಟುಹೋದ. ಅಷ್ಟರಲ್ಲಿ ಹಸಿರು ದೀಪ ಬಂದು, ಹಳದಿಯಾಗಿ, ಮತ್ತೆ ಕೆಂಪಾಗಿತ್ತು. ನಾಪಾಸು. ಈ ಸಲ ಚಿಕ್ಕಪ್ಪ ತಮಾಷೆ ಮಾಡಲಿಲ್ಲ. ಹಿಂದಿನ ಸಂಜೆ ಅವರು ಕಾರನ್ನು ಒಳಗೆ ತರುವಾಗ ನಮ್ಮದೇ ಲೆಟರ್ ಬಾಕ್ಸಿಗೆ ಗುದ್ದಿದ್ದರು. ಕತ್ತಲು ಕೂಡ ಪೂರ್ತಿ ಆಗಿರಲಿಲ್ಲ.

ಮೂರನೆಯ ಟೆಸ್ಟು ಜುಲೈನ ಚಳಿಯಲ್ಲಿ, ದಿನದ ಕೊನೆಯ ಸರದಿ. ನಾನು ಟೆಸ್ಟ್ ಸೆಂಟರಿನ ಗೇಟಿನ ಬಳಿ ಕಾಯುತ್ತಿದ್ದೆ. ಆಗ ರಸ್ತೆಯ ತಿರುವಿನಲ್ಲಿ ಒಂದು ಚಪ್ಪಟೆ ಲಾರಿ ಬಂತು. ಅದರ ಮೇಲೆ ಒಂದು ಕಾರನ್ನು ಕಟ್ಟಿ ನಿಲ್ಲಿಸಿದ್ದರು. ನೀಲಿ-ಹಳದಿ ಚೌಕ. ಬೆನ್ನಿಗೆ ಕೆಂಪು-ಹಳದಿ ಓರೆ ಪಟ್ಟೆ. ನೆತ್ತಿಯ ದೀಪಕ್ಕೆ ಕಪ್ಪು ಬಟ್ಟೆ ಸುತ್ತಿದ್ದರು. ಯಾರೋ ಹಳೆಯ ಕಾರುಗಳ ಹುಚ್ಚರು ತರಿಸಿಕೊಂಡ ಅಪ್ಪಟ ಬ್ರಿಟಿಷ್ ಪೊಲೀಸ್ ಕಾರು! ಇಂಗ್ಲೆಂಡು ಬಿಟ್ಟ ಮೇಲೆ ಚಿಕ್ಕಮ್ಮ ಕಣ್ಣಾರೆ ಕಾಣದ ಗಾಡಿ. ಅದರ ಬೆನ್ನಿಗೇ, ಸರಿಯಾದ ಅಂತರ ಬಿಟ್ಟು ಬರುತ್ತಿದ್ದ ನಮ್ಮ ಪುಟ್ಟ ಬಿಳಿ ಕಾರಿನಲ್ಲಿ ಚಿಕ್ಕಮ್ಮ.

ಮುಗಿಯಿತು ಎಂದುಕೊಂಡೆ. ಇನ್ನು ಇವಳು ಆ ಲಾರಿಯ ಹಿಂದೆ ಸಮುದ್ರ ಅಡ್ಡ ಬರುವವರೆಗೂ ಹೋಗುತ್ತಾಳೆ, ಪಕ್ಕದಲ್ಲಿ ಪರೀಕ್ಷಕರನ್ನೂ ಕೂರಿಸಿಕೊಂಡು.

ಬಿಳಿ ಕಾರಿನ ಎಡ ಇಂಡಿಕೇಟರ್ ಮಿನುಗಿತು. ಕಾರು ನಿಧಾನವಾಗಿ ತಿರುಗಿ ಗೇಟಿನೊಳಗೆ ಬಂದು ಗೆರೆಗಳ ನಡುವೆ ನೆಟ್ಟಗೆ ನಿಂತಿತು. ಲಾರಿ ಹೊರಟುಹೋಯಿತು.

ಪಾಸು. ಹೊಸ ಚಾಲಕರು ಕಾರಿಗೆ ಅಂಟಿಸಬೇಕಾದ ಕೆಂಪು 'ಪಿ' ಫಲಕಗಳನ್ನು ಕೈಯಲ್ಲಿ ಹಿಡಿದು ಹೊರಬಂದ ಚಿಕ್ಕಮ್ಮನನ್ನು ನಾನು ಮೊದಲು ಕೇಳಿದ್ದೇ ಅದು. "ಚಿಕ್ಕಮ್ಮ, ನೋಡಿದ್ಯಾ?"

"ಎರಡು ಸಿಗ್ನಲಿಂದ ಅದರ ಹಿಂದೇನೇ ಇದ್ನಲ್ಲೇ."

"ಮತ್ತೆ?"

"ಮತ್ತೇನು? ಕನ್ನಡಿ ನೋಡ್ದೆ, ಇಂಡಿಕೇಟರ್ ಹಾಕ್ದೆ, ತಿರುಗಿಸ್ದೆ." ಫಲಕವನ್ನು ಹಿಂದಿನ ಗಾಜಿಗೆ ಅಂಟಿಸಿ, ಗುಳ್ಳೆ ಏಳದಂತೆ ಅಂಗೈಯಲ್ಲಿ ಸವರಿದಳು. "ನಿಮ್ಮ ಚಿಕ್ಕಪ್ಪನ್ನ ಕಣ್ಣಾಸ್ಪತ್ರೆಗೆ ಆ ಲಾರಿ ಕರ್ಕೊಂಡ್ಹೋಗುತ್ತಾ?"

ಅವಳು ಮಾಡಿದ್ದು ಬೇರೆ ಯಾರಿಗೂ ದೊಡ್ಡದೆನಿಸಲಿಕ್ಕಿಲ್ಲ. ಎದುರಿಗೆ ಬಂದ ದೇವರನ್ನು ಬಿಟ್ಟು ಪಕ್ಕದ ಬೀದಿಗೆ ತಿರುಗಿದವಳನ್ನು ನಾನು ಮಾತ್ರ ಕಣ್ಣಾರೆ ಕಂಡಿದ್ದೇನೆ. ಸಾಮಾನ್ಯವಾಗಿ ಯಾರನ್ನೂ ಮುಟ್ಟದ ನಾನು ಆ ಪಾರ್ಕಿಂಗಿನಲ್ಲಿ ಅವಳನ್ನು ತಬ್ಬಿಕೊಂಡೆ. ಅವಳು ನನ್ನ ಬೂದು ಕೋಟು ತಟ್ಟಿ, "ಮನೆಗೆ ಫೋನ್ ಮಾಡು, ಬರ್ತಿದೀವಿ ಅಂತ" ಎಂದಳು.

ಮನೆ ಮುಟ್ಟುವ ಹೊತ್ತಿಗೆ ಕತ್ತಲಾಗಿತ್ತು. ನಮ್ಮ ಬೀದಿಯಲ್ಲಿ ಎಲ್ಲ ಮನೆಗಳೂ ಒಂದೇ ಅಚ್ಚು. ಕತ್ತಲಲ್ಲಿ ಯಾವುದು ಯಾರದೆಂದು ತಿಳಿಯುವುದಿಲ್ಲ. ಚಿಕ್ಕಮ್ಮ ತಿರುವಿನಲ್ಲಿ ಕಾರು ತಿರುಗಿಸಿ ಅದರ ದೀಪವನ್ನು ಬೀದಿಗೆ ಹಾಯಿಸಿದ ಕೂಡಲೇ ಬೀದಿಯ ಆ ತುದಿಯಲ್ಲಿ ಏನೋ ಝಗ್ಗೆಂದಿತು. ನೀಲಿ, ಹಳದಿ, ನೀಲಿ.

ಚಿಕ್ಕಪ್ಪ. ಲೆಟರ್ ಬಾಕ್ಸಿನ ಪಕ್ಕ ಆ ಅಂಗಿ ತೊಟ್ಟು ನಿಂತಿದ್ದರು. ಬರುತ್ತಿರುವ ಬೆಳಕು ನಮ್ಮದೇ ಎಂದು ಅವರಿಗೆ ಕಾಣುತ್ತಿತ್ತೋ ಇಲ್ಲವೋ, ಕೈಯನ್ನಂತೂ ಮೇಲೆತ್ತಿ ಹಿಡಿದಿದ್ದರು.

ಚಿಕ್ಕಮ್ಮ ಕಾರಿನ ವೇಗ ಇಳಿಸಿದಳು. ಈ ಸಲ ತಡೆಯುವ ಪರೀಕ್ಷಕರಿರಲಿಲ್ಲ. ಅವಳು ತನ್ನ ಪಾಡಿಗೆ ನೋಡುತ್ತ ನೋಡುತ್ತಲೇ, ಬಹಳ ಮೆಲ್ಲಗೆ ಓಡಿಸಿದಳು.