ಮನೆಶಾಲೆಗೆ ಕರೆಯದೆ ಬಂದ ಇರುವೆಗಳಿಗೆ

ನಮ್ಮ ಅಡುಗೆಮನೆಯ ಕಿಟಕಿಯ ಬಿರುಕಿನಿಂದ ಹೊರಟು ಮೇಜಿನ ಕಾಲಿನವರೆಗೆ ಸಾಲು ತಪ್ಪದೆ ಸಂಚರಿಸುವ, ಶಿಸ್ತಿಗೆ ಹೆಸರಾದ ಇರುವೆ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ತಾವೆಲ್ಲರೂ ಕ್ಷೇಮವೆಂದು ತಮ್ಮ ನಡಿಗೆಯ ಗತ್ತು ನೋಡಿಯೇ ಬಲ್ಲೆ. ಇಬ್ಬರು ಮಕ್ಕಳನ್ನು ಶಾಲೆಗೆ ಕಳಿಸದೆ, ಅಕ್ಷರ, ಲೆಕ್ಕ, ಪ್ರಾರ್ಥನೆ ಮೂರನ್ನೂ ಅಡುಗೆಮನೆಯ ಮೇಜಿನಲ್ಲೇ ಕಲಿಸಲು ಹೊರಟಿರುವ ನಾನು, ಈ ಮನೆಶಾಲೆಯ ಮುಖ್ಯೋಪಾಧ್ಯಾಯಿನಿ, ಗುಮಾಸ್ತೆ ಹಾಗೂ ಪಾತ್ರೆ ತೊಳೆಯುವವಳ ಪರವಾಗಿ (ಮೂವರೂ ನಾನೇ) ಈ ಅಹವಾಲನ್ನು ವಿನಯಪೂರ್ವಕವಾಗಿ ಸಲ್ಲಿಸುತ್ತಿದ್ದೇನೆ.

ಮೊದಲ ತಪ್ಪು ನನ್ನದೇ. ಸೋಮಾರಿಗಳು ತಮ್ಮನ್ನು ನೋಡಿ ಬುದ್ಧಿ ಕಲಿಯಬೇಕೆಂಬ ಬೈಬಲ್ ಪಾಠವನ್ನು ತಿಂಗಳ ಹಿಂದೆ ಮಾಡಿದವಳು ನಾನು. ನಾಲ್ಕು ವರ್ಷದ ಮಗ ಅದನ್ನು ಶಿರಸಾವಹಿಸಿ, ಕೂಡುವ ಲೆಕ್ಕ ಎಂದ ಕೂಡಲೇ ತಮ್ಮ ಸಾಲಿನ ಪಕ್ಕ ಬೋರಲು ಮಲಗುತ್ತಾನೆ. ಏಳಪ್ಪಾ ಎಂದರೆ, "ಅಮ್ಮಾ, ಬುದ್ಧಿ ಕಲೀತಾ ಇದೀನಿ, ಸುಮ್ನಿರು" ಎನ್ನುತ್ತಾನೆ. ಒಂದು ಮಾತೂ ಆಡದೆ ಇಂಥ ಶಿಷ್ಯಭಕ್ತಿ ಸಂಪಾದಿಸಿದ ತಮಗೆ ನನ್ನ ನಮಸ್ಕಾರ, ಜೊತೆಗೆ ಒಂದಿಷ್ಟು ಹೊಟ್ಟೆಕಿಚ್ಚು.

ಇಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ಆದರೆ ಆರೂವರೆ ವರ್ಷದ ಮಗಳಿಗೆ ಇನ್ನೂ ಓದು ಹತ್ತಿರಲಿಲ್ಲ. ಬಿಡಿಬಿಡಿಯಾಗಿ ಅಕ್ಷರ ಗುರುತಿಸುತ್ತಿದ್ದಳು, ಕೂಡಿಸಿ ಓದು ಎಂದರೆ ಬಾಯಿಗೆ ಬೀಗ. "ಮನೇಲಿಟ್ಕೊಂಡು ಮಗು ಭವಿಷ್ಯ ಹಾಳು ಮಾಡ್ಬೇಡಮ್ಮಾ" ಎಂದು ಅತ್ತೆಯವರು ವಾರಕ್ಕೆರಡು ಬಾರಿ ಫೋನಿನಲ್ಲಿ ಹೇಳುತ್ತಿದ್ದರು. ನನಗೂ ಒಳಗೊಳಗೇ ಅದೇ ಹೆದರಿಕೆ. ಅಷ್ಟರಲ್ಲಿ ಶಿಕ್ಷಣ ಕಚೇರಿಯಿಂದ ಕಾಗದ ಬಂತು: ಮಂಗಳವಾರ ತಪಾಸಣಾಧಿಕಾರಿ ಬರುತ್ತಾರೆ, ಮಗಳು ಓದದಿದ್ದರೆ ಮನೆಶಾಲೆಯ ಅನುಮತಿ ರದ್ದು.

ಬಂದರು. ಒಳ್ಳೆಯ ಮನುಷ್ಯ, ಮೃದುವಾಗಿಯೇ ಪುಸ್ತಕ ತೆರೆದಿಟ್ಟರು. ಮಗಳು ಪುಸ್ತಕವನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಆಗ ನಾನು ಮನಸ್ಸಿನಲ್ಲೇ ಮಾಡಿದ ಪ್ರಾರ್ಥನೆಗೆ ತಲೆಬುಡವೇ ಇರಲಿಲ್ಲ. ಇದ್ದಕ್ಕಿದ್ದಂತೆ ಅವಳು, ಅಧಿಕಾರಿಗಳ ಹಿಂದಿನ ಗೋಡೆಯಲ್ಲಿ ತೂಗುಹಾಕಿದ್ದ, ದೇವರು ನಮಗೆ ಕೊಟ್ಟ ಮಾತೆಂದು ನಾನೇ ಕಸೂತಿ ಹಾಕಿದ್ದ ವಾಕ್ಯಕ್ಕೆ ಬೆರಳು ಮಾಡಿ, ಅಕ್ಷರಕ್ಕೆ ಅಕ್ಷರ ಕೂಡಿಸಿ, ಹುಟ್ಟಿದಂದಿನಿಂದ ಮೊದಲ ಬಾರಿಗೆ ಗಟ್ಟಿಯಾಗಿ ಓದಿದಳು: "ಸದಾ ನಿಮ್ಮ ಸಂಗಡ ಇರುವೆ."

ನನ್ನ ಕಣ್ಣು ತುಂಬಿತು. ಅಧಿಕಾರಿಗಳು "ಭೇಷ್! ಹಾಗಂದ್ರೇನು ಪುಟ್ಟಿ?" ಎಂದರು. ಅದೇ ಗಳಿಗೆಯಲ್ಲಿ ತಮ್ಮ ಬಳಗದ ಒಬ್ಬರು ಅವರ ಕಾಲರಿನ ಮೇಲೆ ವಾಯುಸೇವನೆಗೆ ಹೊರಟಿರಬೇಕೇ! ಮಗಳು ಅದನ್ನೇ ತೋರಿಸಿ, "ಇಗೋ, ನಿಮ್ಮ ಸಂಗಡ ಇರುವೆ" ಎಂದಳು. ಅವರು ಕಾಲರ್ ಕೊಡವಿಕೊಂಡು, ಬಿದ್ದು ಬಿದ್ದು ನಕ್ಕು, "ಅರ್ಥ ತಿಳಿದು ಓದುತ್ತಾಳೆ" ಎಂದು ಬರೆದು ಸಹಿ ಹಾಕಿ ಹೊರಟರು. ಮಗು ತಮಾಷೆ ಮಾಡಿತೆಂದು ಅವರ ಎಣಿಕೆ. ಅದು ತಮಾಷೆಯಲ್ಲವೆಂದು ಗೊತ್ತಿದ್ದವಳು ನಾನೊಬ್ಬಳೇ. ಅಂದು ಬೆಳಿಗ್ಗೆಯಷ್ಟೇ ಸತ್ಯ ನುಡಿಯುವುದರ ಬಗ್ಗೆ ಪಾಠ ಮಾಡಿದ್ದ ನಾನು, ತುಟಿಪಿಟಕ್ಕೆನ್ನದೆ ಅವರನ್ನು ಗೇಟಿನವರೆಗೆ ಬೀಳ್ಕೊಟ್ಟು ಬಂದೆ.

ಮಧ್ಯಾಹ್ನದ ಊಟಕ್ಕೆ ಪ್ರಾರ್ಥಿಸುವ ಸರದಿ ಮಗಳದು. ಕೈಜೋಡಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, "ಸ್ವಾಮೀ, ಅಷ್ಟು ಚಿಕ್ಕದಾಗಿ ಅಂಕಲ್ ಕಾಲರ್ ಮೇಲೆ ಬಂದಿದ್ದಕ್ಕೆ ಸ್ತೋತ್ರ. ಅಮ್ಮ ಪೊರಕೆ ತಂದಾಗ ಬೇಗ ಓಡಿಹೋಗು" ಎಂದಳು. ನಗು ತಡೆದುಕೊಂಡು, ಅಲ್ಲಿನ 'ಇರುವೆ' ಎಂದರೆ ತಾವಲ್ಲ, 'ಇರುತ್ತೇನೆ' ಎಂದು ಬಿಡಿಸಿ ಹೇಳಿದೆ. ಅವಳು ಚಮಚ ಕೆಳಗಿಟ್ಟಳು. "ಹಾಗಾದ್ರೆ ನಾನು ಹೇಳಿದ್ದು ತಪ್ಪು. ಆ ಅಂಕಲ್‌ಗೆ ಹೇಳಿದ್ಯಾ ಅಮ್ಮಾ?"

ಹೇಳಿರಲಿಲ್ಲ. ಎರಡು ಬಾರಿ ಫೋನು ಎತ್ತಿ ಇಟ್ಟು, ಮೂರನೆಯ ಬಾರಿ, ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೇ ಹೇಳಿಬಿಟ್ಟೆ. ಆ ಕಡೆ ಅಧಿಕಾರಿಗಳು ಕಡತ ಮಗುಚುವ ಸದ್ದು ಕೇಳಿಸಿತು. ಬಳಿಕ, "ಓದಿದ್ದಂತೂ ಸರಿಯಾಗೇ ಓದಿದಾಳಮ್ಮಾ. 'ಅರ್ಥ ತಿಳಿದು' ಅನ್ನೋದನ್ನ ಹೊಡೆದುಹಾಕ್ತೀನಿ. ಮೂರು ತಿಂಗಳು ಬಿಟ್ಟು ಮತ್ತೆ ಬರ್ತೀನಿ" ಎಂದರು. ವರ್ಷದ ಅನುಮತಿ ಮೂರು ತಿಂಗಳಿಗೆ ಇಳಿಯಿತು. ಮಗಳು ಮಾತ್ರ ನನ್ನ ಬೆನ್ನು ತಟ್ಟಿ, "ಭೇಷ್" ಎಂದಳು. ಆ ಒಂದು ಮಾತಿಗಾಗಿಯೇ ಈ ಶಾಲೆಯನ್ನು ಉಳಿಸಿಕೊಳ್ಳಬೇಕೆಂದಿದ್ದೇನೆ, ಮಾನ್ಯರೇ.

ಆದಕಾರಣ, ಮುಂದಿನ ತಪಾಸಣೆಯ ದಿನ ತಾವು ಸಕುಟುಂಬ ರಜೆ ಹಾಕಬೇಕಾಗಿಯೂ, ಸಾಧ್ಯವಾದರೆ ಅದಕ್ಕೂ ಮುಂಚೆ ತಮ್ಮ ಕುಲದ ಹೆಸರನ್ನೇ ಬದಲಾಯಿಸಿಕೊಳ್ಳಬೇಕಾಗಿಯೂ ಕೋರುತ್ತೇನೆ. ಜಿರಳೆಗಳನ್ನು ನೋಡಿ ಕಲಿಯಿರಿ. ಅವುಗಳಿಂದ ನಮ್ಮ ಮನೆಯ ವ್ಯಾಕರಣಕ್ಕೆ ಈವರೆಗೆ ಯಾವ ತೊಂದರೆಯೂ ಆಗಿಲ್ಲ.

ಇಂತು ತಮ್ಮ ವಿಶ್ವಾಸಿ
(ವಿಶ್ವಾಸವಿಟ್ಟಿರುವುದು ಮಾತ್ರ ತಮ್ಮನ್ನು ಸೃಷ್ಟಿಸಿದಾತನಲ್ಲಿ),
ಮುಖ್ಯೋಪಾಧ್ಯಾಯಿನಿ

ವಿ.ಸೂ.: ನಾಳೆ ಬೆಳಿಗ್ಗೆ ಮಕ್ಕಳಿಗೆ ಜಲಪ್ರಳಯದ ಪಾಠವಿದೆ. ಪ್ರಾತ್ಯಕ್ಷಿಕೆಗೆಂದು ಸಕ್ಕರೆ ಡಬ್ಬವನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಲಾಗುವುದು. ಹಡಗಿನ ಏರ್ಪಾಡು ತಮ್ಮದು.